ಸರ್ಕಲ್ಲಿನ ದೊಡ್ಡ ಪರದೆ ಯಾರಿಗಾಗಿ?



ಊರಿನ ನಟ್ಟನಡುವೆ, ಬಸ್‌ಸ್ಟ್ಯಾಂಡಿನ ಎದುರಿಗೆ, ಎತ್ತರದ ಕಬ್ಬಿಣದ ಕಂಬಗಳ ಮೇಲೆ ಒಂದು ಭಾರೀ ಟಿ.ವಿ. ಬಂದು ಕೂತರೆ ನಿಮಗೆ ಸಂತೋಷವೋ ಸಂಕಟವೋ? ಇದೀಗ ಬರೀ ಬೆಂಗಳೂರು, ಮೈಸೂರಿನವರು ಕೇಳಿಕೊಳ್ಳುವ ಪ್ರಶ್ನೆಯಾಗಿ ಉಳಿದಿಲ್ಲ. ನಮ್ಮಂಥ ಸಣ್ಣ ಊರಿನ ಸರ್ಕಲ್ಲುಗಳಿಗೂ ಎಲ್‌ಇಡಿ ಪರದೆ ಬರುತ್ತಿದೆ. ನಮ್ಮೂರಿಗೆ ಬಂದು ಒಂದು ತಿಂಗಳಾಯಿತು. ಬಂದ ದಿನದಿಂದ ಊರು ಎರಡು ಪಾಲಾಗಿದೆ. ತರಕಾರಿ ಅಂಗಡಿ, ಹಿಟ್ಟಿನ ಗಿರಣಿ, ದೇವಸ್ಥಾನದ ಜಗುಲಿ, ಎಲ್ಲಿ ನಾಲ್ಕು ಜನ ಸೇರಿದರೂ ಇದೇ ಮಾತು.

ಬೇಕು ಅನ್ನುವವರ ಮಾತು ಮೊದಲು ಕೇಳಿ. ಸರ್ಕಲ್ಲಿನಲ್ಲಿ ಹೂ ಮಾರುವಾಕೆ ಹೇಳಿದ್ದು ಹೀಗೆ: “ಬೀದಿದೀಪ ಕೆಟ್ಟರೆ ವಾರಗಟ್ಟಲೆ ಕೇಳೋರಿಲ್ಲ ಅಮ್ಮಾ. ಈಗ ರಾತ್ರಿ ಒಂಬತ್ತರವರೆಗೂ ಬೆಳಕಿದೆ, ಎರಡು ಮೊಳ ಹೂವು ಜಾಸ್ತಿ ಹೋಗ್ತದೆ.” ಟ್ಯೂಷನ್ ಮುಗಿಸಿ ಕತ್ತಲಲ್ಲಿ ಬಸ್ಸಿಗೆ ಕಾಯುವ ಕಾಲೇಜು ಹುಡುಗಿಯರಿಗೂ ಅದೇ ಸಮಾಧಾನ. ಬಳೆ ಅಂಗಡಿಯವರು, “ಪೇಪರಿನಲ್ಲಿ ಜಾಹೀರಾತು ಕೊಡೋ ಶಕ್ತಿ ನಮಗಿಲ್ಲ, ಇದರಲ್ಲಿ ಹತ್ತು ಸೆಕೆಂಡು ಬಂದರೂ ಊರಿಗೆಲ್ಲ ಗೊತ್ತಾಗ್ತದೆ” ಅನ್ನುತ್ತಾರೆ. ಲಸಿಕೆ ದಿನ, ನೀರು ಬಿಡುವ ಹೊತ್ತು, ಕರೆಂಟ್ ಹೋಗುವ ಸಮಯ ಎಲ್ಲ ಅದರಲ್ಲೇ ಬರಲಿ ಅನ್ನುವುದು ಅಂಗನವಾಡಿ ಟೀಚರ ಆಸೆ.

ಬೇಡ ಅನ್ನುವವರೂ ಸುಮ್ಮನೆ ಗೊಣಗುವವರಲ್ಲ. ಸರ್ಕಲ್ಲಿಗೆ ಮುಖಮಾಡಿದ ಮಹಡಿಮನೆಯ ಗೆಳತಿಯೊಬ್ಬಳ ಅತ್ತೆ ಹಾಸಿಗೆ ಹಿಡಿದಿದ್ದಾರೆ. ಕಿಟಕಿ ತೆರೆದರೆ ಗೋಡೆಯ ಮೇಲೆ ಕೆಂಪು, ನೀಲಿ, ಹಸಿರು ಕುಣಿಯುತ್ತದೆ. ಮುಚ್ಚಿದರೆ ಸೆಖೆಗೆ ಉಸಿರು ಕಟ್ಟುತ್ತದೆ. ನಿವೃತ್ತ ಮೇಷ್ಟ್ರೊಬ್ಬರಿಗೆ ಸೈಕಲ್ ಮಕ್ಕಳದೇ ಚಿಂತೆ: ರಸ್ತೆ ನೋಡಬೇಕಾದ ಕಣ್ಣು ಮೇಲೆ ನೋಡಿದರೆ ಗತಿಯೇನು? ಇನ್ನು ನಮ್ಮ ಹೆಂಗಸರ ಸಂಕಟ ಬೇರೆ. ಸಂತೆ ಮುಗಿಸಿ ಹಳ್ಳಿ ಬಸ್ಸಿಗೆ ಕಾಯುವವರು ಚೀಲ ಇಳಿಸಿ ಕೂರುತ್ತಿದ್ದ ಅರಳಿಕಟ್ಟೆ ಪರದೆಗೆ ನೇರ ಎದುರಿಗಿದೆ. ಕ್ರಿಕೆಟ್ ಇದ್ದ ದಿನ ಅಲ್ಲಿ ಗಂಡಸರೇ ತುಂಬಿರುತ್ತಾರೆ, ಹೆಂಗಸರು ಮಕ್ಕಳನ್ನೆತ್ತಿಕೊಂಡು ಚರಂಡಿ ಪಕ್ಕ ನಿಲ್ಲಬೇಕು.

ಹೀಗಿರುವಾಗ ಯಾರು ಸರಿ, ಯಾರು ತಪ್ಪು? ತೀರ್ಪು ಹೇಳುವ ಮೊದಲು ಸ್ವಲ್ಪ ಹಿಂದಕ್ಕೂ ಹೊರಕ್ಕೂ ಕಣ್ಣು ಹಾಯಿಸೋಣ. ಊರಿನವರೆಲ್ಲ ಒಂದೇ ಪರದೆಯ ಮುಂದೆ ಕೂರುವುದು ನಮ್ಮ ನಾಡಿಗೆ ಹೊಸದೇನಲ್ಲ.

1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಸರಿಯಾಗಿ ಒಂದು ವರ್ಷ, ‘ಸೈಟ್’ ಎಂಬ ಪ್ರಯೋಗ ನಡೆಯಿತು. ಅಮೆರಿಕದ ಉಪಗ್ರಹವನ್ನು ಎರವಲು ಪಡೆದು, ನಮ್ಮ ಇಸ್ರೋ ಸಂಸ್ಥೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ತಲುಪಿಸಿತು. ಕರ್ನಾಟಕದಲ್ಲಿ ಆ ಭಾಗ್ಯ ಬಂದದ್ದು ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಗೆ. ಬೆಂಗಳೂರಿನಲ್ಲಿ ದೂರದರ್ಶನ ಶುರುವಾದದ್ದೇ 1981ರಲ್ಲಿ. ಅಂದರೆ ರಾಜಧಾನಿಯವರಿಗಿಂತ ಮೊದಲು ರಾಯಚೂರಿನ ಹಳ್ಳಿಯವರು ಟಿ.ವಿ. ನೋಡಿದ್ದರು! ಕೋಳಿಗೂಡಿಗೆ ಹಾಕುವಂಥ ತಂತಿಬಲೆಯಿಂದ ಮಾಡಿದ ಹತ್ತಡಿ ಅಗಲದ ದೊಡ್ಡ ಬುಟ್ಟಿಯೇ ಅದರ ಆಂಟೆನಾ. ಶಾಲೆ, ಪಂಚಾಯಿತಿ ಕಟ್ಟಡದಂಥ ಕಡೆ ಊರಿಗೊಂದು ಸೆಟ್ಟು. ಬೆಳಿಗ್ಗೆ ಮಕ್ಕಳ ಪಾಠ, ಸಂಜೆ ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ಮನರಂಜನೆ.

ಅದರಿಂದ ನಾವು ಕಲಿಯಬೇಕಾದ ಪಾಠ ಒಂದಿದೆ. ಸೆಟ್ಟು ಎಲ್ಲರದ್ದಾಗಿದ್ದರೂ ಅದರ ಮುಂದೆ ಎಲ್ಲರೂ ಸಮನಾಗಿ ಕೂರಲಿಲ್ಲ. ಮಕ್ಕಳು ಮುಂದೆ ನುಗ್ಗಿ ಕೂತರು, ಗಂಡಸರು ಬಂದರು, ಹೆಂಗಸರ ಸಂಖ್ಯೆ ಮಾತ್ರ ಕಡಿಮೆಯೇ. ಯಾಕೆ ಅಂತ ನಿಮಗೆ ನಾನು ಹೇಳಬೇಕೇ? ಸಂಜೆ ಆರರಿಂದ ಎಂಟೂವರೆ ಅಂದರೆ ಒಲೆ ಉರಿಯುವ ಹೊತ್ತು. ಬಾಣಂತಿಯ ಆರೈಕೆಯ ಮಾತನ್ನು ಬಾಣಂತಿ ಬಿಟ್ಟು ಉಳಿದವರೆಲ್ಲ ಕೇಳಿದರೆ ಏನು ಬಂತು?

ಇನ್ನು ಹೊರದೇಶದ ಕಥೆ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಎಕ್ಸ್‌ಚೇಂಜ್ ಸ್ಕ್ವೇರ್ ಎಂಬ ಚೌಕದಲ್ಲಿ 2003ರಲ್ಲಿ ಬಿ.ಬಿ.ಸಿ.ಯವರೂ ನಗರಸಭೆಯವರೂ ಕೂಡಿ ಒಂದು ದೊಡ್ಡ ಪರದೆ ನಿಲ್ಲಿಸಿದರು. ಸುದ್ದಿ, ಟೆನಿಸ್, ಸಂಗೀತ, ಊರಿನ ಹುಡುಗರೇ ತೆಗೆದ ಪುಟ್ಟ ಚಿತ್ರಗಳು ಎಲ್ಲ ಬರುತ್ತಿದ್ದವು. ಜನ ಮೆಚ್ಚಿದರು. 2012ರ ಲಂಡನ್ ಒಲಿಂಪಿಕ್ಸ್ ಹೊತ್ತಿಗೆ ಇಂಥ ಪರದೆ 20ರಷ್ಟು ಊರುಗಳಲ್ಲಿ ಇತ್ತು. ಆದರೆ ಎಲ್ಲ ದಿನವೂ ಹಬ್ಬವಾಗಿರಲಿಲ್ಲ. 2006ರ ವಿಶ್ವಕಪ್ ಫುಟ್‌ಬಾಲ್ ಸಮಯದಲ್ಲಿ ಲಿವರ್‌ಪೂಲ್‌ನಲ್ಲೂ ಲಂಡನ್ನಿನ ಕೆನರಿ ವಾರ್ಫ್‌ನಲ್ಲೂ ಪರದೆಯ ಮುಂದೆ ಗಲಾಟೆಯಾಗಿ, ಅಲ್ಲಿ ಪಂದ್ಯ ತೋರಿಸುವುದನ್ನೇ ನಿಲ್ಲಿಸಿದರು. 2013ರಲ್ಲಿ ಬಿ.ಬಿ.ಸಿ. ಈ ಕೆಲಸದಿಂದ ಹಿಂದೆ ಸರಿಯಿತು. ಒಂದೇ ಪರದೆ. ಸಂಗೀತ ತೋರಿಸಿದ ದಿನ ಸಂಸಾರಸ್ಥರು ಚಾಪೆ ಹಾಸಿಕೊಂಡು ಕೂರುವ ಜಾಗ, ಪಂದ್ಯದ ದಿನ ಬಾಟಲಿ ತೂರುವ ಜಾಗ!

ಈ ಎರಡು ಕಥೆ ಓದಿದ ಮೇಲೆ ನನಗನ್ನಿಸಿದ್ದು ಇಷ್ಟು. ಬೇಕೋ ಬೇಡವೋ ಅಂತ ನಾವು ನಾವೇ ಜಗಳ ಆಡುವುದು ದಂಡ. ಒಲೆಯೂ ಬೆಂಕಿಯೇ, ಕಿಚ್ಚೂ ಬೆಂಕಿಯೇ. ಹಿಡಿತದಲ್ಲಿಡುವವರು ಯಾರು ಅನ್ನುವುದೇ ಮುಖ್ಯ. ಪರದೆಯ ಸ್ವಿಚ್ಚು ಯಾರ ಕೈಯಲ್ಲಿದೆ, ಯಾವ ಕರಾರಿನ ಮೇಲಿದೆ ಅಂತ ಕೇಳಬೇಕು. ಕೇಳಲು ನಾಲ್ಕು ವಿಷಯ ಗೊತ್ತಿರಬೇಕು. ಅಡುಗೆಯ ಅಳತೆಯಷ್ಟೇ ಸುಲಭ, ಬರೆದಿಟ್ಟುಕೊಳ್ಳಿ.

ಮೊದಲನೆಯದು ಬೆಳಕು. ಹೊರಗಿನ ಎಲ್‌ಇಡಿ ಪರದೆ ಬಿಸಿಲಿನಲ್ಲೂ ಕಾಣಬೇಕಲ್ಲ, ಅದಕ್ಕೇ ಅದರ ಹೊಳಪು ವಿಪರೀತ. ಹೊಳಪನ್ನು ‘ನಿಟ್’ ಎಂಬ ಲೆಕ್ಕದಲ್ಲಿ ಅಳೆಯುತ್ತಾರೆ. ಹಗಲಿಗೆ 5,000 ನಿಟ್, ಅದಕ್ಕೂ ಮೇಲೆ ಬೇಕಾಗುತ್ತದೆ. ರಾತ್ರಿಗೆ ಅಷ್ಟು ಬೇಕಿಲ್ಲ. ಇಂಗ್ಲೆಂಡಿನಲ್ಲಿ ಇಂಥ ಪರದೆಗಳಿಗೆ ರಾತ್ರಿ 300ರ ಮಿತಿ ಹಾಕುವುದು ರೂಢಿ. ಕತ್ತಲಾದಂತೆ ತಾನೇ ಮಂಕಾಗುವ ಸಾಧನ ಇರುತ್ತದೆ. ನಮ್ಮ ಪರದೆಗೆ ಅದನ್ನು ಹಾಕಿದ್ದೀರಾ, ಹಾಕಿದ್ದರೆ ಚಾಲೂ ಇದೆಯಾ ಅಂತ ಕೇಳಿ. ಅತಿ ಬೆಳಕು ನಿದ್ದೆ ಕೆಡಿಸುತ್ತದೆ ಅನ್ನುವುದು ಬರೀ ಅಜ್ಜಿ ಮಾತಲ್ಲ. ರಾತ್ರಿಯ ಬೆಳಕು, ಅದರಲ್ಲೂ ನೀಲಿ ಬೆಳಕು, ನಿದ್ದೆ ತರಿಸುವ ಮೆಲಟೋನಿನ್ ಎಂಬ ರಸವನ್ನು ದೇಹದಲ್ಲಿ ತಗ್ಗಿಸುತ್ತದೆ. ಲಂಡನ್ನಿನ ಸ್ಟ್ರಾಟ್‌ಫರ್ಡ್‌ನಲ್ಲಿ ಹೊರಮೈಯೆಲ್ಲ ಪರದೆಯಾಗಿರುವ ಭಾರೀ ಗುಂಡು ಕಟ್ಟಡ ಕಟ್ಟುವ ಯೋಜನೆಗೆ 2023ರ ನವೆಂಬರಿನಲ್ಲಿ ಅಲ್ಲಿನ ಮೇಯರ್ ಅನುಮತಿ ನಿರಾಕರಿಸಿದರು. ಸುತ್ತಲಿನ ಮನೆಗಳಿಗೆ ಬೀಳುವ ಬೆಳಕೇ ದೊಡ್ಡ ಕಾರಣ. ಅಂಥ ಮಹಾನಗರದಲ್ಲೇ ಮನೆಯವರ ನಿದ್ದೆಗೆ ಬೆಲೆ ಇದೆ ಅಂದರೆ ನಮ್ಮ ನಿದ್ದೆಯೇನು ಅಗ್ಗವೇ?

ಎರಡನೆಯದು ಸದ್ದು. ಇದಕ್ಕೆ ಕಾನೂನೇ ಇದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕ ಹಾಕಲು ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಹಾಕುವಂತಿಲ್ಲ. ಮನೆಗಳಿರುವ ಕಡೆ ಹಗಲಿಗೆ 55, ರಾತ್ರಿಗೆ 45 ಡೆಸಿಬಲ್ ಮಿತಿ. ಪೇಟೆ ಪ್ರದೇಶಕ್ಕೆ 65 ಮತ್ತು 55. ನಿಶ್ಶಬ್ದ ವಲಯವೆಂದು ಗುರುತಿಸಿದ ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತ 100 ಮೀಟರಿನೊಳಗೆ ಇನ್ನೂ ಕಡಿಮೆ. ಪರೀಕ್ಷೆಗೆ ಓದುವ ಮಕ್ಕಳಿರುವ ತಾಯಂದಿರು ಈ ಅಂಕಿಗಳನ್ನು ಕ್ಯಾಲೆಂಡರಿನ ಹಿಂದೆ ಬರೆದಿಟ್ಟುಕೊಳ್ಳಬೇಕು.

ಮೂರನೆಯದು ಕರೆಂಟು ಮತ್ತು ದುಡ್ಡು. 20 ಅಡಿ ಉದ್ದ, 10 ಅಡಿ ಎತ್ತರದ ಪರದೆ ಅಂದರೆ ಸುಮಾರು 18 ಚದರ ಮೀಟರು. ಮೀಟರಿಗೆ 250 ವಾಟ್ ಅಂತ ಹಿಡಿದರೂ ನಾಲ್ಕೂವರೆ ಸಾವಿರ ವಾಟ್ ಆಯಿತು. ನಮ್ಮ ಮನೆಯ 750 ವಾಟಿನ ಆರು ಮಿಕ್ಸಿಗಳು ಒಟ್ಟಿಗೆ ತಿರುಗಿದ ಹಾಗೆ. ಐದು ಗಂಟೆ ಓಡಿದರೆ 22 ಯೂನಿಟ್ಟಿನ ಮೇಲೆ. ಈ ಬಿಲ್ಲು ಜಾಹೀರಾತಿನ ಕಂಪನಿ ಕಟ್ಟುತ್ತದೋ, ನಮ್ಮ ಮನೆಕಂದಾಯದಿಂದ ಹೋಗುತ್ತದೋ? ಜಾಹೀರಾತಿನ ಹಣದಲ್ಲಿ ಊರಿಗೆ ಎಷ್ಟು ಪಾಲು? ಗಂಟೆಗೆ ಎಷ್ಟು ನಿಮಿಷ ಊರಿನ ಸೂಚನೆಗಳಿಗೆ ಮೀಸಲು? 2005ರ ಮಾಹಿತಿ ಹಕ್ಕು ಕಾಯ್ದೆಯ ಪ್ರಕಾರ ಒಂದು ಅರ್ಜಿ ಬರೆದು, ಹತ್ತು ರೂಪಾಯಿ ಶುಲ್ಕ ಕಟ್ಟಿ ಕರಾರಿನ ಪ್ರತಿ ಕೇಳಬಹುದು. ಅರ್ಜಿ ಕನ್ನಡದಲ್ಲೇ ಇರಲಿ. ಹೆಚ್ಚು ಓದಿದವರೇ ಬರೆಯಬೇಕೆಂದಿಲ್ಲ.

ನಾಲ್ಕನೆಯದು ಜಾಗ. ಇದನ್ನು ಗಂಡಸರು ಕೇಳುವುದಿಲ್ಲ, ನಾವೇ ಕೇಳಬೇಕು. ಪರದೆಯ ಮುಂದೆ ಹೆಂಗಸರಿಗೂ ಮಕ್ಕಳಿಗೂ ಕೂರಲು ಬೇರೆ ಕಟ್ಟೆ ಇದೆಯೇ? ಪರದೆ ರಸ್ತೆಗೆ ಮುಖ ಮಾಡಿದೆಯೋ, ಮೈದಾನಕ್ಕೋ? ಪಂದ್ಯದ ದಿನ ಪೊಲೀಸರು ಇರುತ್ತಾರೆಯೇ? ನಮಗೆ ಉಪಯೋಗವಾಗುವ ಕಾರ್ಯಕ್ರಮ ಒಲೆಯ ಹೊತ್ತಿಗೋ, ಮಧ್ಯಾಹ್ನದ ಬಿಡುವಿಗೋ?

“ಅಯ್ಯೋ, ನಮ್ಮ ಮಾತು ಯಾರು ಕೇಳ್ತಾರೆ?” ಅನ್ನಬೇಡಿ. ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದ ಮೇಲೆ ಪುರಸಭೆಗಳಲ್ಲಿ ಮೂರನೇ ಒಂದು ಪಾಲಿಗೆ ಕಡಿಮೆಯಿಲ್ಲದಷ್ಟು ಸ್ಥಾನ ಹೆಂಗಸರಿಗೆ ಮೀಸಲು. ನಿಮ್ಮ ವಾರ್ಡಿನ ಸದಸ್ಯೆಯೂ ನಿಮ್ಮ ಹಾಗೇ ಸಂಸಾರ ಮಾಡುವವಳೇ ಇರಬಹುದು. ಕುಂಕುಮಕ್ಕೆ ಕರೆದಾಗ ಈ ನಾಲ್ಕು ಪ್ರಶ್ನೆಯನ್ನೂ ಎಲೆ ಅಡಿಕೆಯ ಜೊತೆಗೆ ಕೊಟ್ಟು ಕಳಿಸಿ!

ನಮ್ಮ ಬೀದಿಯಲ್ಲಿ ಬೇಕು ಅನ್ನುವವರೂ ಬೇಡ ಅನ್ನುವವರೂ ಒಂದೇ ಅರ್ಜಿಗೆ ಸಹಿ ಹಾಕಿದ್ದೇವೆ. ಹೂವಿನಾಕೆಯೂ ಹೆಬ್ಬೆಟ್ಟು ಒತ್ತಿದ್ದಾಳೆ, ಮಹಡಿಮನೆಯ ಗೆಳತಿಯೂ ಸಹಿ ಮಾಡಿದ್ದಾಳೆ. ಪರದೆ ಇರಲಿ, ರಾತ್ರಿ ಹೊಳಪು ತಗ್ಗಲಿ, ಹತ್ತಕ್ಕೆ ಪೂರ್ತಿ ಆರಲಿ, ಆದರೆ ಬೀದಿದೀಪ ಮಾತ್ರ ಉರಿಯಲಿ, ಅರಳಿಕಟ್ಟೆ ಹೆಂಗಸರಿಗೆ ಉಳಿಯಲಿ. ಇಷ್ಟೇ ನಮ್ಮ ಬೇಡಿಕೆ. ಕಾಗದದಲ್ಲಿ ಉತ್ತರ ಇನ್ನೂ ಬಂದಿಲ್ಲ. ಆದರೆ ಹೋದ ವಾರದಿಂದ ಹತ್ತು ಗಂಟೆಗೆ ಸದ್ದು ನಿಲ್ಲುತ್ತಿದೆ. ಬೆಳಕು ಇನ್ನೂ ಹಾಗೇ ಇದೆ. ಬಿಡುವ ಮಾತಿಲ್ಲ, ಮತ್ತೆ ಹೋಗಿ ಕೇಳುತ್ತೇವೆ.

ನಿಮ್ಮೂರಿನಲ್ಲೂ ಇಂಥ ಪರದೆ ಬಂದಿದೆಯೇ? ಬಂದಿದ್ದರೆ ಹೆಂಗಸರು ಎಲ್ಲಿ ಕೂರುತ್ತಾರೆ, ದೀಪ ಎಷ್ಟು ಹೊತ್ತಿಗೆ ಆರುತ್ತದೆ, ಒಂದು ಕಾರ್ಡಿನಲ್ಲಿ ಬರೆದು ತಿಳಿಸಿ. ಒಳ್ಳೆಯ ವ್ಯವಸ್ಥೆ ಎಲ್ಲಾದರೂ ಇದ್ದರೆ ಉಳಿದ ಊರಿನವರೂ ಅನುಸರಿಸಲಿ. ಮುಂದಿನ ಸಂಚಿಕೆಯಲ್ಲಿ ಮಳೆಗಾಲದ ಹಪ್ಪಳ ಸಂಡಿಗೆ ಬೂಸಲು ಹಿಡಿಯದಂತೆ ಕಾಪಾಡುವ ವಿಷಯ ಮಾತಾಡೋಣ. ಬರಲೇ?