ಚುಟ್ಕಿಗೆ ಬೇಕಿದ್ದ ನ್ಯಾಯ

2020ರ ಜೂನ್‌ನಲ್ಲಿ ಚುಟ್ಕಿಗೆ ನ್ಯಾಯ ಬೇಕೆಂದು ದೊಡ್ಡವರೇ ಗದ್ದಲ ಎಬ್ಬಿಸಿದರು. ಭೀಮ ಅವಳನ್ನು ಬಿಟ್ಟು ರಾಜಕುಮಾರಿ ಇಂದುಮತಿಯನ್ನು ಮದುವೆಯಾದನಂತೆ! ಅವರಿನ್ನೂ ಮಕ್ಕಳು, ಮದುವೆ ಎಲ್ಲಿಂದ ಬಂತು ಎಂದು ಗ್ರೀನ್ ಗೋಲ್ಡ್ ಕಂಪನಿ ಹೇಳಿಕೆ ಕೊಡಬೇಕಾಯಿತು.

ನಿಜವಾದ ಅನ್ಯಾಯ ಇರುವುದು ಕತೆಯೊಳಗೆ. 2008ರಿಂದ ಓಡುತ್ತಿರುವ ‘ಛೋಟಾ ಭೀಮ್’ನಲ್ಲಿ ಭೀಮನ ಬಲವೆಲ್ಲ ಲಡ್ಡುವಿನದು. ಲಡ್ಡು ಕಟ್ಟುವವಳು ಚುಟ್ಕಿಯ ಅಮ್ಮ ಟುನ್‌ಟುನ್ ಮೌಸಿ, ಹೊತ್ತಿಗೆ ಸರಿಯಾಗಿ ಒದಗಿಸುವವಳು ಚುಟ್ಕಿ. ಅವಳೇ ಒಂದು ತಿಂದು ಕಿರ್ಮಾಡನಿಗೆ ಎರಡು ಬಿಗಿಯುವ ಕತೆ ಎಷ್ಟಿವೆ, ಹೇಳಿ? ಪುಟಾಣಿ ರಾಜುವಿಗಾದರೂ ‘ಮೈಟಿ ರಾಜು’ ಎಂಬ ಸ್ವಂತ ಸರಣಿ ಸಿಕ್ಕಿತು. (ಧೋಲು-ಭೋಲು ಬಗ್ಗೆ ಕೇಳಲೇಬೇಡಿ. ಅವಳಿಗಳು ಎನ್ನುವುದು ಬಿಟ್ಟರೆ ಅವರಿಗೆ ಬೇರೆ ಗುಣವನ್ನೇ ಕೊಟ್ಟಿಲ್ಲ.)

ಕ್ರೋಂಪೇಟೆಯ ನಮ್ಮ ಮನೆಯ ಟಿವಿಯಲ್ಲಿ ಭೀಮ ತಮಿಳು ಮಾತಾಡುತ್ತಾನೆ. ಮಗಳು ಕನ್ನಡದಲ್ಲಿ ಅದೇ ಆಟ ಆಡುತ್ತಾಳೆ, ಯಾವಾಗಲೂ ಭೀಮ ತಾನೇ. “ಒಂದ್ಸಲ ಚುಟ್ಕಿ ಆಗೇ” ಅಂದೆ. “ಅವ್ಳಿಗೆ ಏನಮ್ಮಾ ಕೆಲ್ಸ ಇದೆ?” ಅಂದಳು. ಚುಟ್ಕಿ ಪಾತ್ರವನ್ನು ಪಕ್ಕದ ಮನೆಯ ಹುಡುಗನಿಗೆ ಕೊಟ್ಟಿದ್ದಾಳೆ. ಅವನು ಎರಡು ದಿನದಿಂದ ಆಟಕ್ಕೆ ಬಂದಿಲ್ಲ.