ಮಖಮಲ್ ಬಟ್ಟೆ ಹೇಳಿದ ಸತ್ಯ



ಮುಂದೆ ಓದುವ ಮೊದಲು ಒಮ್ಮೆ ಎದ್ದು ಹೋಗಿ ನಿಮ್ಮ ಮನೆಯ ಮಾತ್ರೆ ಡಬ್ಬಿ ತೆರೆದು ನೋಡಿ. ಹಳೆಯ ಬಿಸ್ಕೆಟ್ ಡಬ್ಬಿಯೋ, ಕಪಾಟಿನ ಮೂಲೆಯ ಪ್ಲಾಸ್ಟಿಕ್ ಚೀಲವೋ, ಎಲ್ಲ ಮನೆಗಳಲ್ಲೂ ಅಂಥದ್ದೊಂದು ಇರುತ್ತದೆ. ಕಳೆದ ವಾರ ನನ್ನ ಡಬ್ಬಿಯಲ್ಲಿ ಮೂರು ಅಮಾಕ್ಸಿಸಿಲಿನ್ ಸಿಕ್ಕಿದವು. ಮಗನ ಗಂಟಲು ನೋವಿಗೆ ಡಾಕ್ಟರು ಬರೆದುಕೊಟ್ಟದ್ದು, ಎರಡು ದಿನಕ್ಕೆ ಕಡಿಮೆಯಾಯಿತೆಂದು ನಾನೇ ನಿಲ್ಲಿಸಿದ್ದು. ಅದೇ ಹೊತ್ತಿಗೆ ಪಕ್ಕದ ಮನೆಯಾಕೆ ನೆಗಡಿ ಎಂದು ಮೂಗು ಒರೆಸಿಕೊಳ್ಳುತ್ತಾ ಬಂದರು. “ಇದು ಮೂರಿದೆ, ತೆಗೆದುಕೊಳ್ಳಿ” ಎನ್ನಲು ನನ್ನ ಬಾಯಿ ತೆರೆದೇಬಿಟ್ಟಿತ್ತು!

ತಡೆದದ್ದು ಎಸ್ತರ್ ಲೆಡರ್‌ಬರ್ಗ್ ಎಂಬ ಮಹಿಳೆಯ ನೆನಪು. ಆ ವಾರವೆಲ್ಲ ಆಕೆಯ ಬಗ್ಗೆಯೇ ಓದುತ್ತಿದ್ದೆ.

ಎಸ್ತರ್ ಹುಟ್ಟಿದ್ದು 1922ರಲ್ಲಿ, ಅಮೆರಿಕದ ನ್ಯೂಯಾರ್ಕಿನ ಒಂದು ಬಡ ಯಹೂದಿ ಕುಟುಂಬದಲ್ಲಿ. ಬಾಲ್ಯದ ದಿನಗಳಲ್ಲಿ ಮಧ್ಯಾಹ್ನದ ಊಟವೆಂದರೆ ಎಷ್ಟೋ ಸಲ ಟೊಮ್ಯಾಟೊ ರಸ ಸವರಿದ ಒಂದು ತುಂಡು ಬ್ರೆಡ್ಡು. ವಿಜ್ಞಾನ ಓದುತ್ತೇನೆಂದಾಗ, ಹೆಣ್ಣಿಗೆ ಅದರಲ್ಲಿ ನೆಲೆ ಸಿಗುವುದು ಕಷ್ಟ ಎಂದು ಶಿಕ್ಷಕರೇ ಬೇಡವೆಂದರು. ಶಿಕ್ಷಕಿಯಾದ ನನಗೆ ಇದನ್ನು ಓದುವಾಗ ಕಸಿವಿಸಿಯಾಯಿತು. ಆಕೆ ಕೇಳಲಿಲ್ಲ. ಸ್ಟ್ಯಾನ್‌ಫರ್ಡ್‌ನಲ್ಲಿ ಎಂ.ಎ. ಓದುವಾಗ ಮನೆ ಬಾಡಿಗೆಗೆ ಬದಲಾಗಿ ಮನೆಯೊಡತಿಯ ಬಟ್ಟೆ ಒಗೆದುಕೊಟ್ಟರು. 1946ರಲ್ಲಿ ಜೋಶುವಾ ಲೆಡರ್‌ಬರ್ಗ್ ಎಂಬ ವಿಜ್ಞಾನಿಯನ್ನು ಮದುವೆಯಾಗಿ, 1950ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು.

ಆ ಕಾಲದಲ್ಲಿ ಸ್ಟ್ರೆಪ್ಟೊಮೈಸಿನ್ ಎಂಬ ಹೊಸ ಔಷಧಿ ಬಂದಿತ್ತು. 1943ರಲ್ಲಿ ಕಂಡುಹಿಡಿದ ಇದು ಕ್ಷಯರೋಗಕ್ಕೆ ಮದ್ದೇ ಇಲ್ಲ ಎಂಬ ಮಾತನ್ನು ಸುಳ್ಳು ಮಾಡಿತು. ಆದರೆ ಸಂತೋಷ ಬಹಳ ಕಾಲ ಉಳಿಯಲಿಲ್ಲ. ಚೇತರಿಸಿಕೊಳ್ಳುತ್ತಿದ್ದ ಎಷ್ಟೋ ರೋಗಿಗಳು ಕೆಲವೇ ತಿಂಗಳಲ್ಲಿ ಮತ್ತೆ ಕುಸಿದರು. ಅವರೊಳಗಿನ ರೋಗಾಣುಗಳು ಔಷಧಿಗೆ ಜಗ್ಗುತ್ತಿರಲಿಲ್ಲ.

ಯಾಕೆ? ನಮ್ಮ ಕಡೆ ಇದಕ್ಕೊಂದು ಸಿದ್ಧ ಉತ್ತರವಿದೆ: “ಮಾತ್ರೆ ತಿಂದು ತಿಂದು ದೇಹಕ್ಕೆ ಒಗ್ಗಿಹೋಗಿದೆ.” ಇದು ತಪ್ಪು. ಔಷಧಿಗೆ ಜಗ್ಗದಿರುವುದು ನಮ್ಮ ದೇಹವಲ್ಲ, ದೇಹದೊಳಗಿನ ರೋಗಾಣು. ವಿಜ್ಞಾನಿಗಳ ನಡುವೆ ಇದ್ದ ಪ್ರಶ್ನೆ ಬೇರೆ. ಔಷಧಿ ಸೋಕಿದ ಮೇಲೆ ರೋಗಾಣು ಅದನ್ನು ತಾಳಿಕೊಳ್ಳಲು ಕಲಿಯುತ್ತದೆಯೇ? ಅಥವಾ ತಾಳಿಕೊಳ್ಳಬಲ್ಲ ಕೆಲವು ರೋಗಾಣುಗಳು ಮೊದಲೇ ಗುಂಪಿನಲ್ಲಿ ಇರುತ್ತವೆಯೇ? ಔಷಧಿ ಹಾಕದೆ ಅವು ಯಾವುವೆಂದು ತಿಳಿಯದು. ಹಾಕಿದರೆ, ಈಗ ಕಲಿತದ್ದೋ ಮೊದಲೇ ಇದ್ದದ್ದೋ ಹೇಳಲಾಗದು!

1952ರಲ್ಲಿ ಎಸ್ತರ್ ಮತ್ತು ಜೋಶುವಾ ಈ ಗಂಟನ್ನು ಬಿಡಿಸಿದ್ದು ಒಂದು ತುಂಡು ಮಖಮಲ್ ಬಟ್ಟೆಯಿಂದ.

ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಗಳನ್ನು ಬೆಳೆಸುವುದು ಅಗರ್ ಹಾಕಿದ ತಟ್ಟೆಯಲ್ಲಿ. ಅಗರ್ ಎಂದರೆ ನಿಮಗೆ ಗೊತ್ತಿಲ್ಲದ್ದೇನಲ್ಲ, ಇಫ್ತಾರ್‌ಗೆ ಪುಡ್ಡಿಂಗ್ ಮಾಡುವ ಚೈನಾ ಗ್ರಾಸ್ ಇದೆಯಲ್ಲ, ಅದೇ. (ಅದನ್ನು ಪ್ರಯೋಗಾಲಯಕ್ಕೆ ಸೂಚಿಸಿದ್ದೂ 1881ರಲ್ಲಿ ಜರ್ಮನಿಯ ಫ್ಯಾನಿ ಹೆಸ್ಸೆ ಎಂಬ ಗೃಹಿಣಿ. ತನ್ನ ಅಡುಗೆಮನೆಯ ಅನುಭವದಿಂದ!) ಇನ್ನು ಮಖಮಲ್ಲಿನ ಮೇಲೆ ಕೈಯಾಡಿಸಿ ನೋಡಿ, ಸಣ್ಣ ಸಣ್ಣ ಎಳೆಗಳು ನಿಂತಿರುತ್ತವೆ. ಶುದ್ಧೀಕರಿಸಿದ ಮಖಮಲ್ಲನ್ನು ಒಂದು ದುಂಡನೆಯ ದಿಮ್ಮಿಗೆ ಬಿಗಿದು ಅದರ ಮೇಲೆ ಬ್ಯಾಕ್ಟೀರಿಯ ಬೆಳೆದ ತಟ್ಟೆಯನ್ನು ಕವುಚಿ ಒತ್ತಿದರೆ, ಪ್ರತಿಯೊಂದು ಎಳೆಯೂ ಸೂಜಿಯಂತೆ ತನ್ನ ಜಾಗದ ಕೆಲವು ಬ್ಯಾಕ್ಟೀರಿಯಗಳನ್ನು ಎತ್ತಿಕೊಳ್ಳುತ್ತದೆ. ಅದೇ ಬಟ್ಟೆಯ ಮೇಲೆ ಹೊಸ ತಟ್ಟೆಗಳನ್ನು ಒಂದೊಂದಾಗಿ ಒತ್ತಿದರೆ ಮೊಹರು ಹಾಕಿದಂತೆ ಎಲ್ಲದರಲ್ಲೂ ಅದೇ ನಕ್ಷೆ ಮೂಡುತ್ತದೆ.

ಹೊಸ ತಟ್ಟೆಗಳಲ್ಲಿ ಸ್ಟ್ರೆಪ್ಟೊಮೈಸಿನ್ ಬೆರೆಸಿದ್ದರು. ಬಹುತೇಕ ಎಲ್ಲವೂ ಸತ್ತು, ಒಂದೆರಡು ಕಡೆ ಮಾತ್ರ ಬ್ಯಾಕ್ಟೀರಿಯ ಬೆಳೆಯಿತು. ಬೇರೆ ಬೇರೆ ತಟ್ಟೆಗಳಲ್ಲಿಯೂ ಒಂದೇ ಜಾಗದಲ್ಲಿ! ಆಗಲೇ ಕಲಿತದ್ದಾಗಿದ್ದರೆ ಒಂದೊಂದು ತಟ್ಟೆಯಲ್ಲಿ ಒಂದೊಂದು ಕಡೆ ಬೆಳೆಯಬೇಕಿತ್ತು. ನಂತರ, ಔಷಧಿಯೇ ತಾಗದ ಮೂಲ ತಟ್ಟೆಯ ಆ ಜಾಗದಿಂದಲೇ ಬ್ಯಾಕ್ಟೀರಿಯ ತೆಗೆದು ಬೆಳೆಸಿ, ಮತ್ತೆ ಮತ್ತೆ ಹೀಗೆಯೇ ಮಾಡಿದರು. ಕೊನೆಗೆ ಕೈಗೆ ಬಂದದ್ದು ಪೂರ್ತಿ ಔಷಧಿಗೆ ಜಗ್ಗದ ತಳಿ. ಆದರೆ ಅದರ ವಂಶದಲ್ಲಿ ಯಾವುದೂ ಆ ಔಷಧಿಯನ್ನು ಕಂಡೇ ಇರಲಿಲ್ಲ.

ಇದರ ಅರ್ಥವನ್ನು ಸ್ವಲ್ಪ ನಿಧಾನವಾಗಿ ಯೋಚಿಸಿ. ಲಕ್ಷಗಟ್ಟಲೆ ರೋಗಾಣುಗಳ ನಡುವೆ ಮಾತ್ರೆಗೆ ಸಾಯದ ಒಂದೆರಡು ಮೊದಲಿನಿಂದಲೂ ಅಡಗಿರಬಹುದು. ಮಾತ್ರೆ ಉಳಿದವನ್ನು ಕೊಂದು ಇವುಗಳಿಗೆ ಗದ್ದೆಯನ್ನೇ ಬಿಟ್ಟುಕೊಡುತ್ತದೆ. ಕಾಯಿಲೆಯ ರೋಗಾಣುಗಳ ಮಾತಷ್ಟೇ ಅಲ್ಲ, ನಮ್ಮ ಕರುಳಿನಲ್ಲಿ ನಿರುಪದ್ರವಿಯಾಗಿ ಬದುಕುವ ಕೋಟ್ಯಂತರ ಬ್ಯಾಕ್ಟೀರಿಯಗಳಲ್ಲಿಯೂ ಇದೇ ನಡೆಯುತ್ತದೆ. ಅಂದರೆ ನೆಗಡಿಗೆ ನುಂಗಿದ ಆ್ಯಂಟಿಬಯೊಟಿಕ್, ವೈರಸ್ಸಿನಿಂದ ಬರುವ ನೆಗಡಿಗೆ ಏನೂ ಮಾಡದಿದ್ದರೂ, ಒಳಗೆ ಈ ಆಯ್ಕೆಯನ್ನಂತೂ ಮಾಡಿಯೇ ಹೋಗುತ್ತದೆ.

ಎಸ್ತರ್ ಅವರ ಇನ್ನೊಂದು ಶೋಧ ಎಫ್ ಅಂಶ. ಇದು ಒಂದು ಬ್ಯಾಕ್ಟೀರಿಯದಿಂದ ಇನ್ನೊಂದಕ್ಕೆ ದಾಟುವ ಆನುವಂಶಿಕ ತುಣುಕು. ಇಂಥ ತುಣುಕುಗಳನ್ನು ಪ್ಲಾಸ್ಮಿಡ್ ಎನ್ನುತ್ತಾರೆ. ಔಷಧಿಯಿಂದ ತಪ್ಪಿಸಿಕೊಳ್ಳುವ ಉಪಾಯವೂ ಎಷ್ಟೋ ಸಲ ಪ್ಲಾಸ್ಮಿಡ್‌ನಲ್ಲೇ ಇರುತ್ತದೆ. ಬಿರಿಯಾನಿ ಮಾಡುವ ವಿಧಾನವನ್ನು ಚೀಟಿಯಲ್ಲಿ ಬರೆದು ನೆರೆಮನೆಗೆ ಕೊಟ್ಟ ಹಾಗೆ, ಒಂದು ಜಾತಿಯ ಬ್ಯಾಕ್ಟೀರಿಯ ಇನ್ನೊಂದು ಜಾತಿಗೂ ಅದನ್ನು ದಾಟಿಸಬಲ್ಲದು. 1950ರ ದಶಕದಲ್ಲಿ ಜಪಾನಿನ ಆಮಶಂಕೆ ರೋಗಿಗಳಲ್ಲಿ ಒಟ್ಟಿಗೆ ಹಲವು ಔಷಧಿಗಳಿಗೆ ಜಗ್ಗದ ರೋಗಾಣು ಕಂಡುಬಂದದ್ದು ಹೀಗೆಯೇ.

1958ರ ನೊಬೆಲ್ ಪ್ರಶಸ್ತಿ ಜೋಶುವಾ ಅವರಿಗೆ ಬಂತು, ಇನ್ನಿಬ್ಬರು ವಿಜ್ಞಾನಿಗಳ ಜೊತೆಗೆ. ನ್ಯಾಯವಾಗಿ ಹೇಳಬೇಕೆಂದರೆ ಅವರ ಮುಖ್ಯ ಶೋಧ ಮದುವೆಗೆ ಮುಂಚಿನದು, ಪ್ರಶಸ್ತಿಗೆ ಅವರು ಅರ್ಹರೇ. ಆದರೆ ನಂತರ ಪುಸ್ತಕಗಳಲ್ಲಿ ‘ಲೆಡರ್‌ಬರ್ಗ್ ಪ್ರಯೋಗ’ ಎಂದು ಬಂದಾಗಲೆಲ್ಲ ಓದುವವರು ಗಂಡನನ್ನೇ ನೆನೆದರು. ಬಟ್ಟೆಯ ಗುಣ ಬಲ್ಲ ಹೆಂಡತಿಯ ಕೈ ಯಾರಿಗೂ ಕಾಣಲಿಲ್ಲ. 1966ರಲ್ಲಿ ಇಬ್ಬರೂ ಬೇರೆಯಾದರು. ಸ್ಟ್ಯಾನ್‌ಫರ್ಡ್‌ನಲ್ಲಿ ಎಸ್ತರ್ ಅವರಿಗೆ ಕಾಯಂ ಪ್ರಾಧ್ಯಾಪಕ ಹುದ್ದೆ ಸಿಗಲೇ ಇಲ್ಲ. 1976ರಿಂದ ಹತ್ತು ವರ್ಷ ಅಲ್ಲಿನ ಪ್ಲಾಸ್ಮಿಡ್ ಕೇಂದ್ರವನ್ನು ನಡೆಸಿದರು. ಜಗತ್ತಿನ ಸಂಶೋಧಕರು ಕಂಡುಹಿಡಿದ ಪ್ಲಾಸ್ಮಿಡ್‌ಗಳಿಗೆ ಹೆಸರು, ಸಂಖ್ಯೆ ಕೊಟ್ಟು, ಜೋಪಾನ ಮಾಡಿ, ಕೇಳಿದವರಿಗೆ ಕಳಿಸುವ ಕೆಲಸ. ನಿವೃತ್ತಿಯ ನಂತರವೂ ಸಂಬಳವಿಲ್ಲದೆ ಅದನ್ನು ಮುಂದುವರಿಸಿದರು. 2006ರಲ್ಲಿ, 83ನೆಯ ವಯಸ್ಸಿನಲ್ಲಿ, ನ್ಯುಮೋನಿಯ ಮತ್ತು ಹೃದಯದ ಕಾಯಿಲೆಯಿಂದ ತೀರಿಕೊಂಡರು.

2019ರಲ್ಲಿ ಔಷಧಿಗೆ ಜಗ್ಗದ ಬ್ಯಾಕ್ಟೀರಿಯಗಳಿಂದಲೇ ನೇರವಾಗಿ ಸತ್ತವರು ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಎಂದು ಅಂದಾಜು. ನಮ್ಮ ದೇಶದಲ್ಲಿ 2014ರಿಂದ ಕೆಲವು ಆ್ಯಂಟಿಬಯೊಟಿಕ್‌ಗಳನ್ನು ಮಾರುವಾಗ ಡಾಕ್ಟರ ಚೀಟಿ ನೋಡಿ, ರೋಗಿಯ ಹೆಸರು ಬರೆದಿಡಬೇಕೆಂಬ ನಿಯಮವಿದೆ. ಆದರೆ ನಮ್ಮ ಬಿಸ್ಕೆಟ್ ಡಬ್ಬಿಯನ್ನು ತಪಾಸಣೆ ಮಾಡಲು ಯಾರು ಬರುತ್ತಾರೆ? ಎಷ್ಟು ದಿನ ತಿನ್ನಬೇಕು, ಯಾವಾಗ ನಿಲ್ಲಿಸಬೇಕು ಎಂಬುದನ್ನು ಡಾಕ್ಟರು ಹೇಳಬೇಕು, ನಾನಲ್ಲ. ಮಗನ ವಿಷಯದಲ್ಲಿ ನಾನು ಮಾಡಿದ್ದು ತಪ್ಪು.

ಪಕ್ಕದ ಮನೆಯಾಕೆಗೆ ಅಂದು ಶುಂಠಿ, ಕರಿಮೆಣಸು ಹಾಕಿದ ಚಹಾ ಮಾಡಿಕೊಟ್ಟೆ. ಡಬ್ಬಿಯೊಳಗಿನ ಮಾತ್ರೆ ಅವರ ಕಣ್ಣಿಗೆ ಬಿದ್ದಿತ್ತು. ಮೂರು ಮಾತ್ರೆಗೆ ಜಿಪುಣತನ ತೋರಿಸಿದಳು ಎಂದುಕೊಂಡರೋ ಏನೋ. ಈ ಸಂಚಿಕೆ ಬಂದ ಕೂಡಲೇ ಅವರಿಗೇ ಮೊದಲು ಓದಲು ಕೊಡಬೇಕು.