ಕ್ಲಚ್ ವೈರಿನ ಕಾನೂನು

ಕಾಡುಹಂದಿ ಕೊಲ್ಲೋಕೆ ಬಿಡಬಾರದು ಅಂತ ವಾದ ಮಾಡೋ ಸ್ನೇಹಿತರು ನನಗೆ ಬೇಕಾದಷ್ಟು ಜನ ಇದ್ದಾರೆ. ಆಫೀಸಲ್ಲಿ ನನ್ನ ಸಾಲಿನಲ್ಲೇ ಇಬ್ಬರು ಕೂತಿರ್ತಾರೆ. ಒಳ್ಳೆಯವರು. ವರ್ಷಕ್ಕೊಮ್ಮೆ ಕಬಿನಿಗೆ ಸಫಾರಿ ಹೋಗ್ತಾರೆ, ಅಪಾರ್ಟ್‌ಮೆಂಟ್ ಗೇಟಿನ ನಾಯಿಗಳಿಗೆ ಸ್ವಂತ ದುಡ್ಡಲ್ಲಿ ಊಟ ಹಾಕ್ತಾರೆ. ಅವರ ಕಾಳಜಿ ನಾಟಕ ಅಂತ ನಾನು ಹೇಳಲ್ಲ. ನನ್ನ ತಕರಾರು ಏನಪ್ಪಾ ಅಂದ್ರೆ, ಹಂದಿ ಸಾಯಬೇಕೋ ಬೇಡವೋ ಅನ್ನೋದನ್ನು ತಾವು ತೀರ್ಮಾನ ಮಾಡ್ತಾ ಇದ್ದೀವಿ ಅಂತ ಅವರು ಅಂದುಕೊಂಡಿದ್ದಾರೆ. ಅದು ಯಾವತ್ತೋ ತೀರ್ಮಾನ ಆಗಿಹೋಗಿದೆ. ಮಲೆನಾಡಿನ ಗದ್ದೆ, ತೋಟಗಳ ಅಂಚಿನಲ್ಲಿ ಹಂದಿ ಸಾಯ್ತಾನೇ ಇದೆ. ಬೈಕಿನ ಹಳೇ ಕ್ಲಚ್ ವೈರಿಗೆ ಸಿಕ್ಕಿ ಸಾಯ್ತಾ ಇದೆ.

ಉರುಳು ನೋಡದೇ ಇರೋರಿಗೆ ಸ್ವಲ್ಪ ವಿವರಿಸ್ತೀನಿ. ಹಂದಿ ಗದ್ದೆಗೆ ಇಳಿಯೋದು ಸಾಮಾನ್ಯವಾಗಿ ಒಂದೇ ದಾರೀಲಿ. ನುಗ್ಗಿ ನುಗ್ಗಿ ಬೇಲಿಯಲ್ಲಿ ಕಂಡಿ ಬಿದ್ದಿರುತ್ತೆ, ಕೆಸರಲ್ಲಿ ಗೊರಸಿನ ಗುರುತು ಇರುತ್ತೆ. ಆ ಕಂಡಿಗೆ ಸರಿಯಾಗಿ ವೈರಿನ ಕುಣಿಕೆ ಇಟ್ಟು, ಇನ್ನೊಂದು ತುದೀನ ಮರಕ್ಕೆ ಬಿಗಿದರೆ ಆಯ್ತು. ಖರ್ಚಿಲ್ಲ, ಶಬ್ದ ಇಲ್ಲ, ಲೈಸೆನ್ಸ್ ಬೇಡ, ಕಟ್ಟಿದವನು ಅಲ್ಲಿ ಇರಬೇಕಾಗೂ ಇಲ್ಲ. ಸಿಕ್ಕಿಬಿದ್ದ ಪ್ರಾಣಿ ಎಳೆದಷ್ಟೂ ಕುಣಿಕೆ ಬಿಗಿಯುತ್ತೆ. ಕುತ್ತಿಗೆಗೆ ಬಿದ್ದರೆ ಬೇಗ ಮುಗಿಯುತ್ತೆ. ಸೊಂಟಕ್ಕೋ ಕಾಲಿಗೋ ಬಿದ್ದರೆ ವೈರು ಚರ್ಮ ಸೀಳಿ ಮಾಂಸಕ್ಕೆ ಇಳಿಯುತ್ತೆ, ಕಟ್ಟಿದವನು ಬಂದು ನೋಡೋವರೆಗೆ ಅದು ಅಲ್ಲೇ ಒದ್ದಾಡ್ತಿರುತ್ತೆ. ಹಂದಿ ಯಾವುದು, ಚಿರತೆ ಯಾವುದು, ಪಕ್ಕದ ಮನೆ ನಾಯಿ ಯಾವುದು ಅಂತ ಕುಣಿಕೆಗೆ ಗೊತ್ತಾಗಲ್ಲ. ಹಂದಿಗೆ ಇಟ್ಟ ಉರುಳಿಗೆ ಚಿರತೆ ಬಿದ್ದ ಸುದ್ದಿ ನಮ್ಮ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಎಷ್ಟು ಸಲ ಬಂದಿದೆ ಅಂದ್ರೆ ಈಗ ಅದನ್ನು ಓದಿ ಯಾರೂ ಬೆಚ್ಚಿಬೀಳಲ್ಲ.

ಇನ್ನೂ ಎರಡು ದಾರಿ ಇವೆ. ಒಂದು, ಬೇಲಿ ತಂತಿಗೆ ನೇರವಾಗಿ ಲೈನಿನಿಂದ ಕರೆಂಟು ಕೊಡೋದು. ಇದರಲ್ಲಿ ಹಂದಿ ಜೊತೆ ಆನೆ ಸತ್ತಿದೆ, ಬೆಳಗ್ಗೆ ನೀರು ಕಟ್ಟೋಕೆ ಹೋದ ಮನುಷ್ಯರೂ ಸತ್ತಿದ್ದಾರೆ. ಇನ್ನೊಂದು ಸಿಡಿಮದ್ದು. ಉಂಡೆಯೊಳಗೋ ಹಣ್ಣಿನೊಳಗೋ ಮದ್ದು ತುಂಬಿ ಇಡ್ತಾರೆ, ಕಚ್ಚಿದ ಕೂಡಲೇ ಬಾಯಲ್ಲೇ ಸಿಡಿಯುತ್ತೆ. ಮೇಯೋಕೆ ಬಿಟ್ಟ ದನ ಕಚ್ಚಿದರೂ ಅಷ್ಟೇ. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಗಬ್ಬದ ಆನೆಯೊಂದು ಬಾಯಿ ಛಿದ್ರವಾಗಿ ಹೊಳೆ ನೀರಲ್ಲಿ ನಿಂತೇ ಸತ್ತಿತಲ್ಲ, ನೆನಪಿರಬೇಕು. ಲಾಕ್‌ಡೌನಿನಲ್ಲಿ ಮನೇಲಿ ಕೂತಿದ್ದ ನಾವೆಲ್ಲ ಆ ಫೋಟೋ ಹಂಚಿಕೊಂಡಿದ್ದೇ ಹಂಚಿಕೊಂಡಿದ್ದು. ಆನೆಗೆ ಅನಾನಸ್ ತಿನ್ನಿಸಿದರು ಅಂತ ಇಡೀ ದೇಶ ಬೈದಿತು. ಆಮೇಲೆ ತನಿಖೆಯಲ್ಲಿ ಬಂದ ಮಾತು, ಅದು ಕಾಡುಹಂದಿಗೆ ಅಂತ ಇಟ್ಟ ಮದ್ದು ಅಂತ. ಅಷ್ಟು ಹೊತ್ತಿಗೆ ಫೋಟೋ ಹಂಚಿದವರು ಬೇರೆ ವಿಷಯಕ್ಕೆ ಹೋಗಿಯಾಗಿತ್ತು.

ಯಾಕೆ ಹೀಗೆ ಮಾಡ್ತಾರೆ ಅಂತ ಕೇಳಬೇಕು. ಕ್ರೂರಿಗಳು ಅನ್ನೋ ಉತ್ತರ ನನಗೆ ಒಪ್ಪಿಗೆ ಇಲ್ಲ. ಅದೇ ಮನುಷ್ಯ ಕೊಟ್ಟಿಗೆಯ ಕರುವಿಗೆ ಹುಷಾರಿಲ್ಲ ಅಂದ್ರೆ ರಾತ್ರಿಯೆಲ್ಲ ಪಕ್ಕದಲ್ಲಿ ಕೂತಿರ್ತಾನೆ.

ತೆನೆ ಹಾಲುಗಟ್ಟೋ ಹೊತ್ತಿಗೆ ಹಂದಿ ಹಿಂಡು ಗದ್ದೆಗೆ ಇಳಿದರೆ ತಿಂದಿದ್ದಕ್ಕಿಂತ ಹೊರಳಾಡಿ ಹಾಳು ಮಾಡಿದ್ದೇ ಜಾಸ್ತಿ. ಎರೆಹುಳಕ್ಕೆ ಅಂತ ಗದ್ದೆ ಅಂಚು ಕೆದರಿ ಒಡೀತಾವೆ. ಹೊಸದಾಗಿ ನೆಟ್ಟ ಅಡಿಕೆ ಸಸಿ ಬುಡ ಸಮೇತ ಮೇಲೆ ಬಂದಿರುತ್ತೆ. ರೈತ ಮೊದಲೇ ಉರುಳು ಇಡಲ್ಲ. ಮೊದಲು ಹಳೇ ಸೀರೆಗಳನ್ನು ಸುತ್ತ ಕಟ್ತಾನೆ. ಕ್ಷೌರದಂಗಡಿಯಿಂದ ಕೂದಲು ತಂದು ಅಂಚಿನ ಮೇಲೆ ಚೆಲ್ತಾನೆ. ಬಿಯರ್ ಬಾಟಲಿ ಜೋತುಬಿಟ್ಟು ಗಾಳಿಗೆ ಟಣಟಣ ಅನ್ನಿಸ್ತಾನೆ, ಗರ್ನಾಲು ಹೊಡೀತಾನೆ. ಒಂದು ವಾರ ಹಂದಿ ಹೆದರುತ್ತೆ, ಎರಡನೇ ವಾರ ಸೀರೆಯ ಕೆಳಗೇ ನುಸುಳಿ ಬರುತ್ತೆ. ಸೋಲಾರ್ ಬೇಲಿ ಕೆಲಸ ಮಾಡುತ್ತೆ, ಸುಳ್ಳಲ್ಲ. ಆದರೆ ಮಳೆಗಾಲದ ಮಲೆನಾಡಲ್ಲಿ ಮೂರು ದಿನಕ್ಕೊಮ್ಮೆ ಬಳ್ಳಿ ಸವರದಿದ್ರೆ ಕರೆಂಟೆಲ್ಲ ಹುಲ್ಲಿಗೇ ಹೋಗುತ್ತೆ. ಸವರೋಕೆ ಆಳು ಬೇಕು.

ಉಳಿದಿದ್ದು ರಾತ್ರಿ ಕಾಯೋದು. ಗದ್ದೆ ಕಾಯೋಕೆ ಕಟ್ಟೋ ಅಟ್ಟಣೆಗೆ ನಮ್ಮ ಕಡೆ ಮಾಳ ಅಂತಾರೆ. ನಮಗೆ ಆನ್-ಕಾಲ್ ಅಂದ್ರೆ ತಂಡದಲ್ಲಿ ಆರು ಜನ ಇದ್ದರೆ ಆರು ವಾರಕ್ಕೊಮ್ಮೆ ಸರದಿ, ರಾತ್ರಿ ಎರಡಕ್ಕೆ ಫೋನ್ ಹೊಡ್ಕೊಂಡ್ರೆ ಮಾರನೇ ದಿನ ಹನ್ನೊಂದಕ್ಕೆ ಲಾಗಿನ್ ಆದರೂ ಯಾರೂ ಕೇಳಲ್ಲ. ಮಾಳದಲ್ಲಿ ಮಲಗೋರಿಗೆ ತೆನೆ ಬಂದ ದಿನದಿಂದ ಕೊಯ್ಲಿನ ತನಕ ದಿನಾ ಸರದಿ. ಅದೂ ಯಾರು? ನನ್ನಂಥವರು ಬೆಂಗಳೂರು ಸೇರಿದ ಮೇಲೆ ಊರಲ್ಲಿ ಉಳಿದಿರೋರು ಅರವತ್ತು ದಾಟಿದವರು. ಅವರು ಎರಡು ವರ್ಷ ಕಾದರು, ಮೂರನೇ ವರ್ಷ ಗದ್ದೆ ಹಾಳುಬಿಟ್ಟರು, ಇಲ್ಲಾ ಮಣ್ಣು ತುಂಬಿ ಅಡಿಕೆ ಹಾಕಿದರು. ಗದ್ದೆ ಹೋದ ಕಡೆ ಕಪ್ಪೆ, ಏಡಿ, ಕೊಕ್ಕರೆ ಎಲ್ಲಾ ಹೋಯ್ತು. ಜೀವವೈವಿಧ್ಯದ ಬಗ್ಗೆ ಮಾತಾಡೋ ಗೆಳೆಯರು ಇದನ್ನೂ ಲೆಕ್ಕಕ್ಕೆ ತಗೊಳ್ಳಲಿ.

ಪರಿಹಾರ ಇದೆಯಲ್ಲ ಅಂತಾರೆ. ಇದೆ. ಪಹಣಿ, ಆಧಾರ್, ಪಾಸ್‌ಬುಕ್ ನಕಲು, ಹಾಳಾದ ಬೆಳೆಯ ಫೋಟೋ, ಅರಣ್ಯ ಇಲಾಖೆಯವರು ಬಂದು ಮಹಜರು ಮಾಡಬೇಕು. ಗೇಣಿಗೆ ಮಾಡಿದ್ದರೆ, ಪಹಣಿ ಅಣ್ಣತಮ್ಮಂದಿರ ಜಂಟಿ ಹೆಸರಲ್ಲಿ ಇದ್ದರೆ ಇನ್ನೂ ಕಷ್ಟ. ಬಂಡೀಪುರ, ನಾಗರಹೊಳೆ ಸುತ್ತ 2015ರಿಂದ ವೈಲ್ಡ್ ಸೇವೆ ಅನ್ನೋ ತಂಡ, ಫೋನ್ ಮಾಡಿದ ರೈತರ ಮನೆಗೇ ಹೋಗಿ ಅರ್ಜಿ ತುಂಬಿಸಿಕೊಡುತ್ತೆ. ತುಂಬಾ ಒಳ್ಳೆ ಕೆಲಸ. ಒಂದು ಸರ್ಕಾರಿ ಅರ್ಜಿ ತುಂಬೋಕೆ ಇನ್ನೊಂದು ಸಂಸ್ಥೆಯೇ ಬೇಕಾಯ್ತು ಅನ್ನೋದೇ ಆ ಅರ್ಜಿ ಎಂಥದು ಅಂತ ಹೇಳುತ್ತೆ.

ಇನ್ನು ಕೋವಿ. ಬೆಳೆ ರಕ್ಷಣೆಗೆ ಅಂತಲೇ ಲೈಸೆನ್ಸ್ ಕೊಟ್ಟಿರೋ ಜೋಡುನಳಿಗೆ, ಕೇಪಿನ ಕೋವಿಗಳು ಮಲೆನಾಡಿನ ಮನೆಗಳಲ್ಲಿ ಇವೆ. ಚುನಾವಣೆ ಬಂತು ಅಂದ್ರೆ ಸ್ಟೇಷನ್ನಿಗೆ ಒಪ್ಪಿಸಿ ಬರಬೇಕು. ಒಪ್ಪಿಸದೇ ಮನೇಲಿ ಇದ್ದಾಗ ಏನು ಮಾಡಬಹುದು? ಗಾಳಿಯಲ್ಲಿ ಗುಂಡು ಹಾರಿಸಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅನ್ನೋ ಪದದ ಅರ್ಥ ಎಷ್ಟು ದೊಡ್ಡದು ಗೊತ್ತಾ? ಕೊಲ್ಲೋದು ಮಾತ್ರ ಅಲ್ಲ, ಹಿಡಿಯೋದು, ಬೋನಿಗೆ ಬೀಳಿಸೋದು, ಅಟ್ಟೋದು, ಆಮಿಷ ಇಡೋದು, ಇವುಗಳ ಪ್ರಯತ್ನವೂ ಬೇಟೆಯೇ. 2022ರ ತಿದ್ದುಪಡಿ ಆದ ಮೇಲೆ ಕಾಡುಹಂದಿ ಎರಡನೇ ಶೆಡ್ಯೂಲಿನಲ್ಲಿದೆ, ದಂಡದ ಮಿತಿ 25,000 ರೂಪಾಯಿಂದ 1 ಲಕ್ಷಕ್ಕೆ ಏರಿದೆ, ಜೈಲೂ ಉಂಟು. ಕೋವಿ ಢಂ ಅಂದ್ರೆ ಊರಿಗೆಲ್ಲ ಕೇಳುತ್ತೆ, ಕೇಸ್ ಬೀಳುತ್ತೆ. ಕ್ಲಚ್ ವೈರು ಶಬ್ದ ಮಾಡಲ್ಲ. ಒಂದೇ ಗುಂಡಿಗೆ ಮುಗಿಯೋ ಸಾವಿಗೆ ಸಿಕ್ಕಿಬೀಳೋ ಭಯ ಜಾಸ್ತಿ, ರಾತ್ರಿಯೆಲ್ಲ ನರಳೋ ಸಾವಿಗೆ ಕಮ್ಮಿ. ವ್ಯವಸ್ಥೆಯನ್ನು ನಾವು ಹೀಗೆ ಡಿಸೈನ್ ಮಾಡಿಟ್ಟು, ರೈತ ತಪ್ಪು ಬಟನ್ ಒತ್ತಿದ ಅಂತ ಅವನನ್ನು ಬೈತಾ ಇದ್ದೀವಿ.

ತಮಾಷೆ ಅಂದ್ರೆ ಕಾನೂನಲ್ಲಿ ಬಾಗಿಲು ಇದೆ. ಸೆಕ್ಷನ್ 11ರ ಪ್ರಕಾರ, ಎರಡನೇ ಶೆಡ್ಯೂಲಿನ ಪ್ರಾಣಿ ಮನುಷ್ಯರ ಜೀವಕ್ಕೆ ಅಥವಾ ಆಸ್ತಿಗೆ, ನಿಂತ ಬೆಳೆಯೂ ಸೇರಿ, ಅಪಾಯ ಆದಾಗ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿ ಕಾರಣ ಬರೆದು ಬೇಟೆಗೆ ಅನುಮತಿ ಕೊಡಬಹುದು. ಕೇರಳ 2022ರ ಮೇನಲ್ಲಿ ಮಾಡಿದ್ದು ಇಷ್ಟೇ, ಈ ಬಾಗಿಲನ್ನು ಊರಿನ ಹತ್ತಿರ ತಂದಿಟ್ಟಿತು. ಪಂಚಾಯ್ತಿ ಅಧ್ಯಕ್ಷರಿಗೆ ಗೌರವ ವನ್ಯಜೀವಿ ಪರಿಪಾಲಕ ಅಂತ ಅಧಿಕಾರ ಕೊಟ್ಟಿತು. ಲೈಸೆನ್ಸ್ ಇರೋ ಕೋವಿಯಿಂದ ಹೊಡೀಬೇಕು. ವಿಷ, ಸಿಡಿಮದ್ದು, ಕರೆಂಟು ಕೂಡದು. ಸತ್ತ ಹಂದಿಯನ್ನು ಹೂಳಬೇಕು. ಕರ್ನಾಟಕಕ್ಕೆ ನಾನು ಕೇಳೋದು ಇದನ್ನೇ. ಬೆಂಗಳೂರಿನ ಮೇಜಿನ ಮೇಲೆ ಇರೋ ಸಹಿ ಗ್ರಾಮ ಪಂಚಾಯ್ತಿಗೆ ಬರಲಿ, ಬೀಟ್ ಗಾರ್ಡ್ ಜೊತೆಗಿರಲಿ, ಯಾವ ಊರಲ್ಲಿ ಯಾವ ದಿನ ಎಷ್ಟು ಹಂದಿ ಹೊಡೆದರು ಅನ್ನೋ ಲೆಕ್ಕ ಎಲ್ಲರಿಗೂ ಕಾಣೋ ಹಾಗೆ ಇರಲಿ.

ಊರಿನ ಕಡೆಯವರ ಜೊತೆಗೂ ನನಗೆ ಜಗಳ ಇದೆ. ಅವರಿಗೆ ಬೇಕಾಗಿರೋದು ಸೆಕ್ಷನ್ 62, ಅಂದರೆ ಹಂದಿಯನ್ನು ವರ್ಮಿನ್, ಪೀಡೆ ಪ್ರಾಣಿ ಅಂತ ಕೇಂದ್ರ ಸರ್ಕಾರ ಘೋಷಿಸೋದು. ಹಾಗೆ ಘೋಷಿಸಿದ ಜಾಗದಲ್ಲಿ, ಆ ಅವಧಿಯಲ್ಲಿ ಕಾಯ್ದೆಯ ರಕ್ಷಣೆಯೇ ಇರಲ್ಲ. ಯಾರು ಬೇಕಾದರೂ ಕೊಲ್ಲಬಹುದು, ಅರ್ಜಿ ಇಲ್ಲ, ಲೆಕ್ಕ ಇಲ್ಲ. 2015-16ರಲ್ಲಿ ಬಿಹಾರ, ಉತ್ತರಾಖಂಡ, ಹಿಮಾಚಲಕ್ಕೆ ಹೀಗೆ ಕೊಟ್ಟರು. ಬಿಹಾರದ ಮೊಕಾಮಾದಲ್ಲಿ ಹೊರಗಿನಿಂದ ಬೇಟೆಗಾರರನ್ನು ಕರೆಸಿ ಕೆಲವೇ ದಿನಗಳಲ್ಲಿ 200ಕ್ಕೂ ಹೆಚ್ಚು ನೀಲಗಾಯ್ ಹೊಡೆಸಿದರು. ಕೇಂದ್ರ ಸಚಿವೆ ಮೇನಕಾ ಗಾಂಧಿ ತಮ್ಮದೇ ಸರ್ಕಾರದ ಪರಿಸರ ಸಚಿವರ ಮೇಲೆ ಬಹಿರಂಗವಾಗಿ ಹರಿಹಾಯ್ದರು. ಟಿವಿಯವರಿಗೆ ಒಂದು ವಾರ ಹಬ್ಬ. ಯಾವ ಗದ್ದೆಯಲ್ಲಿ ಯಾವ ಹಿಂಡು ತೊಂದರೆ ಕೊಡ್ತಿದೆ ಅನ್ನೋ ಪ್ರಶ್ನೆ ಆ ಗಲಾಟೆಯಲ್ಲಿ ಎಲ್ಲೂ ಇರಲಿಲ್ಲ.

ಫ್ಯಾಮಿಲಿ ಗ್ರೂಪಿಗೆ ಬರೋ ಟೆಕ್ಸಾಸಿನ ವಿಡಿಯೋ ನೋಡಿ ಹಲ್ಲು ಕಡಿಯೋರೂ ಇದ್ದಾರೆ. ಹೆಲಿಕಾಪ್ಟರಿನಿಂದ ಹಂದಿ ಹೊಡೆಯೋದು, 2011ರಿಂದ ಅಲ್ಲಿ ದುಡ್ಡು ಕೊಟ್ಟು ಸೀಟು ತಗೊಂಡೂ ಹೊಡೀಬಹುದು. ಆದರೆ ಅಮೆರಿಕದ್ದು ಹೊರಗಿನಿಂದ ಬಂದ ಹಂದಿ. ಯುರೋಪಿನವರು ಹಡಗಲ್ಲಿ ತಂದು ಬಿಟ್ಟಿದ್ದು, ಅಲ್ಲಿನ ಕಾಡಿಗೆ ಅದು ಒಕ್ಕಲು ಅಲ್ಲ. ನಮ್ಮದು ಇಲ್ಲಿನದೇ ಪ್ರಾಣಿ, ಹುಲಿಗೂ ಚಿರತೆಗೂ ಊಟ. ಅದನ್ನು ಮುಗಿಸಿಬಿಟ್ಟರೆ ಚಿರತೆ ಕೊಟ್ಟಿಗೆಗೆ ಬರುತ್ತೆ. ನನಗೆ ಕಾಡಿನ ಹಂದಿ ಕಮ್ಮಿ ಆಗೋದು ಬೇಡ, ಗದ್ದೆಗೆ ಇಳಿದ ಹಿಂಡು ಹೋಗಬೇಕು.

ಅಮೆರಿಕದಿಂದ ಕಲಿಯೋದೇ ಆದರೆ ಹೆಲಿಕಾಪ್ಟರ್ ಬಿಟ್ಟು ಅವರ ದೊಡ್ಡಿ ಬೋನು ನೋಡಿ. ದುಂಡಗೆ ದೊಡ್ಡಿ ಕಟ್ಟಿ, ಬಾಗಿಲು ತೆಗೆದಿಟ್ಟು, ಕೆಲವು ದಿನ ಜೋಳ ಹಾಕಿ ಅಭ್ಯಾಸ ಮಾಡಿಸ್ತಾರೆ. ಕ್ಯಾಮೆರಾ ಫೋನಿಗೆ ಚಿತ್ರ ಕಳಿಸುತ್ತೆ. ಇಡೀ ಹಿಂಡು ಒಳಗೆ ಬಂದಾಗ ಮನೇಲಿ ಕೂತವನು ಬಟನ್ ಒತ್ತಿದರೆ ಬಾಗಿಲು ಬೀಳುತ್ತೆ. ಒಂದೆರಡು ಹಂದಿ ಹೊಡೆದರೆ ಉಳಿದವು ಬುದ್ಧಿ ಕಲಿತು ಆ ಜಾಗ ಬಿಡ್ತಾವೆ, ಪಕ್ಕದವನ ಗದ್ದೆಗೆ ಹೋಗ್ತಾವೆ. ಹಿಂಡೇ ಸಿಕ್ಕಿದರೆ ಆ ವರ್ಷಕ್ಕೆ ಕಥೆ ಮುಗೀತು. ಅದಕ್ಕಿಂತ ಮುಖ್ಯ, ತಪ್ಪಿ ಬೇರೆ ಪ್ರಾಣಿ ಬಂದರೆ ಬಾಗಿಲು ಹಾಕದೇ ಬಿಡಬಹುದು. ಕ್ಯಾಮೆರಾ, ಸಿಮ್ ಕಾರ್ಡ್, ಒಂದು ರಿಲೇ. ನಮ್ಮ ಆಫೀಸಿನ ಹ್ಯಾಕಥಾನ್‌ನಲ್ಲಿ ಇದಕ್ಕಿಂತ ದೊಡ್ಡದನ್ನು ಎರಡು ದಿನದಲ್ಲಿ ಕಟ್ಟಿ ಟೀ ಶರ್ಟ್ ಗೆದ್ದವರಿದ್ದಾರೆ. ಆದರೆ ಮೇಲೆ ಹೇಳಿದೆನಲ್ಲ, ಅನುಮತಿ ಇಲ್ಲದೆ ಬೋನಿಡೋದೂ ಬೇಟೆಯೇ, ಹಾಗಾಗಿ ಇಲ್ಲಿ ನಮ್ಮೋರು ಎಐ ಬೆದರುಬೊಂಬೆ ಮಾಡ್ತಾರೆ. ಸೀರೆಗೆ ಹೆದರದ ಹಂದಿ ಇದಕ್ಕೆ ಎಷ್ಟು ವಾರ ಹೆದರುತ್ತೋ ನೋಡೋಣ.

ಬೋನಿಗೆ ಬಿದ್ದಿದ್ದನ್ನು ಏನು ಮಾಡ್ತೀರಿ ಅಂತ ಕೇಳೋರಿಗೆ, ಅಲ್ಲೇ, ಗೊತ್ತಿರೋ ಒಬ್ಬರು, ಒಂದೇ ಗುಂಡಿಗೆ. ದೂರದ ಕಾಡಿಗೆ ಬಿಟ್ಟು ಬರೋದು ಅಂದ್ರೆ ಇನ್ಯಾರದೋ ಗದ್ದೆಗೆ ಬಿಟ್ಟು ಬರೋದು. ಓದೋಕೆ ಹಿತವಾಗಿರಲ್ಲ, ಗೊತ್ತು.

ಗೆಳೆಯರ ಒಂದು ಆಕ್ಷೇಪಕ್ಕೆ ತೂಕ ಇದೆ. ಅನುಮತಿ ಕೊಟ್ಟರೆ ಅದೇ ನೆಪದಲ್ಲಿ ಕಡವೆ, ಜಿಂಕೆ ಎಲ್ಲಾ ಹೊಡೀತಾರೆ, ಮಾಂಸದ ವ್ಯಾಪಾರ ಶುರುವಾಗುತ್ತೆ ಅಂತ. ವ್ಯಾಪಾರ ಈಗಲೂ ಇದೆ, ಉರುಳಿನ ಮಾಂಸ ಎಲ್ಲಿ ಹೋಗುತ್ತೆ ಅಂದುಕೊಂಡಿದ್ದೀರಿ? ಆದರೂ ಭಯ ನಿಜ. ಅದಕ್ಕೇ ಕೇರಳದ ಹೂಳೋ ನಿಯಮವನ್ನು ನಾನು ಬಿಟ್ಟುಕೊಡಲ್ಲ. ಊರಲ್ಲಿ ಇದನ್ನು ಹೇಳಿದ್ರೆ ನನಗೇ ಬೈತಾರೆ. ನಮ್ಮ ಚಿಕ್ಕಪ್ಪನೇ, ಅಷ್ಟು ಒಳ್ಳೆ ಮಾಂಸಾನ ಮಣ್ಣಿಗೆ ಹಾಕು ಅಂತೀಯಲ್ಲ ಮಾರಾಯ, ಪೇಟೆಗೆ ಹೋಗಿ ನಿನ್ನ ತಲೆ ಕೆಟ್ಟಿದೆ ಅಂತಾರೆ. ಬೈಲಿ. ಮಾಂಸ ಮನೆಗೆ ತರಬಹುದು ಅಂತಾದ್ರೆ ಭತ್ತ ಕೊಯ್ದು ಗದ್ದೆ ಬರಿದಾದ ಮಾರ್ಚ್ ತಿಂಗಳಲ್ಲೂ ಪಂಚಾಯ್ತಿಗೆ ಬೆಳೆ ಹಾನಿ ಅರ್ಜಿ ಬರೋಕೆ ಶುರುವಾಗುತ್ತೆ, ಮೊದಲ ಅರ್ಜಿ ಯಾರದು ಅಂತಲೂ ನನಗೆ ಗೊತ್ತು.